ನಂಬಿಕೆಯಿಲ್ಲದೆ ಪೂಜೆಯಲ್ಲಿ ನಿಲ್ಲುವುದು

ದಾವಣಗೆರೆಯ ಒಂದು ಕಥೋಲಿಕ ಕುಟುಂಬದಲ್ಲಿ ಹುಟ್ಟಿದವಳು ನಾನು. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಚರ್ಚಿನಲ್ಲಿ ಭಾನುವಾರದ ಕನ್ನಡ ಪೂಜೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಈಚಿನವರೆಗೂ ಗಾಯನ ವೃಂದಕ್ಕೆ ಹಾಡು ಕಲಿಸುತ್ತಿದ್ದೆ, ಕೆಲವು ವರ್ಷ ಮಕ್ಕಳಿಗೆ ಧರ್ಮೋಪದೇಶವನ್ನೂ ಹೇಳಿಕೊಟ್ಟಿದ್ದೇನೆ. ಇವೆಲ್ಲವನ್ನೂ ಮಾಡುತ್ತಿದ್ದ ಕಾಲದಲ್ಲಿಯೇ ದೇವರಿದ್ದಾನೆಂಬ ನಂಬಿಕೆ ನನ್ನೊಳಗೆ ಉಳಿದಿರಲಿಲ್ಲ. ಅದು ಏಕೆ ಹೋಯಿತೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಯಾವ ಸಾವೂ, ಯಾವ ಜಗಳವೂ, ಯಾವ ಧರ್ಮಗುರುವಿನ ನಡತೆಯೂ ಅದಕ್ಕೆ ಕಾರಣವಲ್ಲವೆಂದಷ್ಟು ಹೇಳಿದರೆ ಸಾಕು. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುವಂತೆ ಅದು ಇಳಿಯುತ್ತ ಹೋಯಿತು. ತಳ ಕಂಡ ದಿನ ಯಾವುದೆಂದು ಕೇಳಿದರೆ ಹೇಳಲಾರೆ. ನಂಬಿಕೆ ಹೋದ ಮೇಲೂ ಉಳಿದಿದ್ದ ಹೊರಗಿನ ಆಚರಣೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡೆನೆಂಬುದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇದೇ ಸ್ಥಿತಿಯಲ್ಲಿ ಬೆಂಚಿನ ಮೇಲೆ ಕುಳಿತಿರುವ ಇನ್ನೂ ಕೆಲವರನ್ನು ನಾನು ಬಲ್ಲೆ.

ದೊಡ್ಡ ನಗರಗಳಲ್ಲಿ ಪೂಜೆ ಬಿಟ್ಟವರನ್ನು ಯಾರೂ ವಿಚಾರಿಸದೆ ಹೋಗಬಹುದು. ನಮ್ಮ ಕಡೆ ಹಾಗಲ್ಲ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿಯಲ್ಲಿ, ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಈ ಮೂರೂ ಜಿಲ್ಲೆಗಳು ಬರುತ್ತವೆ. ಇಷ್ಟು ಅಗಲದ ನೆಲದಲ್ಲಿ ನಾವು ಚದುರಿ ನೆಲೆಸಿದ ಸಣ್ಣ ಸಮುದಾಯ. ನಮ್ಮ ಬೆಂಚುಗಳಲ್ಲಿ ಕರಾವಳಿಯಿಂದ ಬಂದ ಕೊಂಕಣಿ ಮನೆಯವರು, ತಮಿಳಿನವರು, ಆಸ್ಪತ್ರೆಗಳಲ್ಲಿ ದುಡಿಯುವ ಕೇರಳದ ನರ್ಸುಗಳು, ನಮ್ಮಂಥ ಕನ್ನಡದವರು ಜೊತೆಜೊತೆಯಾಗಿ ಕೂರುತ್ತಾರೆ. ಎರಡು ಭಾನುವಾರ ಕಾಣದಿದ್ದರೆ ಮೂರನೆಯ ವಾರದೊಳಗೆ ಅಮ್ಮನಿಗೆ ಫೋನ್ ಬರುತ್ತದೆ. ಅಪ್ಪ ತೀರಿಕೊಂಡಾಗ ಸಮಾಧಿಯ ಗುಂಡಿ ತೋಡಿಸಿದ್ದರಿಂದ ಹಿಡಿದು ಏಳನೆಯ ದಿನದ ಅಡುಗೆಯವರೆಗೆ ಎಲ್ಲವನ್ನೂ ಹೊತ್ತುಕೊಂಡದ್ದು ಇದೇ ಜನ. ಇನ್ನು ಶಾಲೆಯಲ್ಲಿಯೂ ಬೀದಿಯಲ್ಲಿಯೂ ನಾನು ‘ಕ್ರಿಶ್ಚಿಯನ್ ಮೇಡಂ’. ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ತಿಂಡಿಯ ತಟ್ಟೆ ಅಕ್ಕಪಕ್ಕದ ಲಿಂಗಾಯತರ ಮನೆಗಳಿಗೆ ಹೋಗುತ್ತದೆ, ಯುಗಾದಿಗೆ ಅವರ ಹೋಳಿಗೆ ನಮ್ಮ ಮನೆಗೆ ಬರುತ್ತದೆ. ನಂಬುವುದಿಲ್ಲವೆಂದು ನಾನು ಹೇಳಿದರೂ ಈ ಹೆಸರು ಅಳಿಯುವುದಿಲ್ಲ, ಅಳಿಯಬೇಕೆಂಬ ಬಯಕೆಯೂ ನನಗಿಲ್ಲ. ಆಚರಣೆಯನ್ನು ಮುಂದುವರಿಸಲು ಇವೆಲ್ಲ ಕಾರಣವಾದವು. ಭಯಕ್ಕಿಂತ ಹೆಚ್ಚಾಗಿ ಋಣ ಮತ್ತು ಪ್ರೀತಿ ನನ್ನನ್ನು ಅಲ್ಲಿ ನಿಲ್ಲಿಸಿದ್ದವು.

ಪೂಜೆಯಲ್ಲಿ ದೇಹ ತನ್ನಷ್ಟಕ್ಕೆ ತಾನೇ ನಡೆದುಕೊಳ್ಳುತ್ತದೆ. ಬಾಗಿಲಲ್ಲಿ ತೀರ್ಥಕ್ಕೆ ಬೆರಳು ಅದ್ದುವುದು, ಶುಭಸಂದೇಶ ವಾಚನಕ್ಕೆ ಏಳುವುದು, ಅರ್ಪಣೆಯ ಬಳಿಕ ಮೊಣಕಾಲೂರುವುದು ಇವು ಯಾವುವೂ ಯೋಚಿಸಿ ಮಾಡುವ ಕೆಲಸಗಳಾಗಿರಲಿಲ್ಲ. ಹಾಡುವುದರಲ್ಲಿ ಕಷ್ಟವೇ ಇರಲಿಲ್ಲ, ಸಂತೋಷವಿತ್ತು. ತೊಡಕಾಗುತ್ತಿದ್ದದ್ದು ಗುರುಗಳ ಪ್ರಬೋಧನೆ ಮುಗಿದ ಮೇಲಿನ ವಿಶ್ವಾಸ ಸಂಗ್ರಹ, ಅಂದರೆ ನಾವು ನಂಬುವುದು ಇದನ್ನೆಂದು ಸಾರುವ ಘೋಷಣೆ. 325ರಲ್ಲಿ ನೈಸಿಯಾದಲ್ಲಿಯೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿಯೂ ಸೇರಿದ ಮಹಾಸಭೆಗಳು ರೂಪಿಸಿದ ಆ ಮಾತುಗಳನ್ನು, ಅಥವಾ ಅದಕ್ಕಿಂತ ಚಿಕ್ಕದಾದ, ಯೇಸುವಿನ ಶಿಷ್ಯರಾದ ಪ್ರೇಷಿತರ ಹೆಸರಿನ ಸಂಗ್ರಹವನ್ನು, ಭಾನುವಾರಗಳಂದು ಎಲ್ಲರೂ ಎದ್ದುನಿಂತು ಹೇಳುತ್ತಾರೆ. ಸ್ತುತಿ ಹಾಡುವವಳು ಒಂದು ಭಾವಕ್ಕೆ ದನಿ ಕೊಡುತ್ತಾಳೆ, ಬೇಡುವವಳು ಒಂದು ಆಸೆಗೆ ದನಿ ಕೊಡುತ್ತಾಳೆ. ವಿಶ್ವಾಸ ಸಂಗ್ರಹ ಹೇಳುವವಳಾದರೋ ತನ್ನ ಹೆಸರಿನಲ್ಲಿ ಸಾಕ್ಷಿ ನುಡಿಯುತ್ತಾಳೆ. ಆ ಹೊತ್ತಿಗೆ ನಾನು ಕೀಬೋರ್ಡಿನ ಮುಂದೆ ಅರ್ಪಣೆಯ ಹಾಡಿನ ಹಾಳೆಯನ್ನು ಹುಡುಕತೊಡಗುತ್ತಿದ್ದೆ. ಹಾಳೆ ಕೈಯಲ್ಲಿಯೇ ಇದ್ದ ದಿನವೂ ಹುಡುಕುತ್ತಿದ್ದೆ.

ನಂಬಲಾಗದವರು ನಂಬಿದವರಂತೆಯೇ ನಡೆದುಕೊಳ್ಳಲಿ, ತೀರ್ಥ ತೆಗೆದುಕೊಳ್ಳಲಿ, ಪೂಜೆ ಮಾಡಿಸಲಿ, ನಂಬಿಕೆ ತಾನಾಗಿ ಹಿಂದೆ ಬರುತ್ತದೆ ಎಂಬ ಸಲಹೆಯನ್ನು 17ನೆಯ ಶತಮಾನದ ಫ್ರಾನ್ಸಿನ ಗಣಿತಜ್ಞ ಪ್ಯಾಸ್ಕಲ್ ಕೊಟ್ಟಿದ್ದಾನೆ. ಗಣಿತದವಳಾದ ನನಗೆ ಆತನ ಮೇಲೆ ಗೌರವ ಹೆಚ್ಚು, ಈ ಸಲಹೆಯನ್ನು ಹಗುರವಾಗಿ ತೆಗೆದುಹಾಕಲೂ ಆರೆ. ಆದರೆ ಆತ ಹೇಳಿದ್ದೆಲ್ಲವನ್ನೂ ನಾನು ಆಗಲೇ ಮಾಡುತ್ತಿದ್ದೆ. ವರ್ಷಗಟ್ಟಲೆ ಮಾಡಿದ್ದರಿಂದ ನನಗೆ ದಕ್ಕಿದ್ದು ನಂಬಿಕೆಯಲ್ಲ, ಸಲೀಸು. ಅಳುಕಿಲ್ಲದೆ ಎಲ್ಲವನ್ನೂ ಮಾಡುವ ಆ ಸಲೀಸು ಹೆಚ್ಚುತ್ತ ಹೋದಂತೆ, ನಾನು ನಂಬುವವಳೆಂದು ಸುತ್ತಲಿನವರು ತಿಳಿಯುವುದೂ ಗಟ್ಟಿಯಾಗುತ್ತ ಹೋಯಿತು.

ಪ್ರಶ್ನೆಯನ್ನು ಇನ್ನು ಮುಂದೂಡಲಾಗದಂತೆ ಮಾಡಿದ್ದು ತಮ್ಮನ ಮಗು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಮ್ಮನ ಹೆಂಡತಿ, ‘ಅಕ್ಕಾ, ಪಾಪುಗೆ ನೀವೇ ಜ್ಞಾನತಾಯಿ ಆಗ್ಬೇಕು, ಬ್ಯಾರೆ ಯಾರ್ನೂ ನಾವು ಕೇಳಂಗಿಲ್ಲ’ ಎಂದಳು. ಜ್ಞಾನತಾಯಿಯೆಂದರೆ ಮಗುವಿನ ಜ್ಞಾನಸ್ನಾನದಲ್ಲಿ ಅದರ ವಿಶ್ವಾಸದ ಹೊಣೆ ಹೊರುವವಳು, ಇಂಗ್ಲಿಷಿನ ಗಾಡ್‌ಮದರ್. ಅವಳು ಕೇಳಿದ್ದರಲ್ಲಿ ತುಂಬು ವಿಶ್ವಾಸವಿತ್ತು. ನೀರು ಹಾಕಿ ಧರ್ಮಸಭೆಗೆ ಸೇರಿಸಿಕೊಳ್ಳುವ ಈ ಜ್ಞಾನಸ್ನಾನದ ವಿಧಿಗಳಲ್ಲಿ ಎಷ್ಟೋ ಸಲ ಹಾಡಿದ್ದ ನನಗೆ ಅಲ್ಲಿ ಏನು ನಡೆಯುತ್ತದೆಂಬುದು ಬಾಯಿಪಾಠವಾಗಿತ್ತು. ನೀರು ಹಾಕುವ ಮುನ್ನ ಧರ್ಮಗುರು ತಂದೆತಾಯಿಯನ್ನೂ ಜ್ಞಾನ ತಂದೆತಾಯಿಯನ್ನೂ ನೇರವಾಗಿ ಕೇಳುತ್ತಾರೆ: ಸೈತಾನನನ್ನು ತ್ಯಜಿಸುವಿರಾ, ಸರ್ವಶಕ್ತನಾದ ಪಿತನನ್ನು ವಿಶ್ವಾಸಿಸುವಿರಾ, ಆತನ ಏಕೈಕ ಪುತ್ರನನ್ನು ವಿಶ್ವಾಸಿಸುವಿರಾ. ಒಂದೊಂದಕ್ಕೂ ಗಟ್ಟಿಯಾಗಿ ಉತ್ತರ ಹೇಳಬೇಕು. ಬಳಿಕ ಪಾಸ್ಕ (ಈಸ್ಟರ್) ದೀಪದಿಂದ ಹೊತ್ತಿಸಿದ ಮೇಣದ ಬತ್ತಿಯನ್ನು ಅವರ ಕೈಗಿತ್ತು, ಈ ಬೆಳಕು ಆರದಂತೆ ಕಾಯುವ ಹೊಣೆ ನಿಮ್ಮದೆನ್ನುತ್ತಾರೆ. ಅಲ್ಲಿ ಹುಡುಕಲು ನನಗೆ ಹಾಡಿನ ಹಾಳೆ ಇರುವುದಿಲ್ಲ. ಯೋಚಿಸಿ ಹೇಳುತ್ತೇನೆಂದೆ. ಅವಳಿಗೆ ಅದೇ ಆಶ್ಚರ್ಯವಾಯಿತು.

ಅದು ಪಾಸ್ಕ ಹಬ್ಬದ ಮುಂಚಿನ ತಪಸ್ಸುಕಾಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ, ಅಂದರೆ ಗುರುಗಳ ಬಳಿ ಗುಟ್ಟಾಗಿ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯಬೇಕೆಂಬ ಕಟ್ಟಳೆಯನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಗಂಭೀರ ಪಾಪಗಳ ಮಟ್ಟಿಗೆ ಅದು ಈಗಲೂ ಜಾರಿಯಲ್ಲಿದೆ. ಪಾಸ್ಕ ಹಬ್ಬ ಹತ್ತಿರವಾದಂತೆ ನಮ್ಮಲ್ಲಿ ಸಾಲು ಉದ್ದವಾಗುತ್ತದೆ. ನಾನೂ ವರ್ಷವರ್ಷವೂ ಆ ಸಾಲಿನಲ್ಲಿ ನಿಂತು ಸಿಟ್ಟು, ಸಣ್ಣ ಸುಳ್ಳು, ಅಮ್ಮನಿಗೆ ಎದುರಾಡಿದ್ದು ಇಂಥವನ್ನು ಹೇಳಿ ಬರುತ್ತಿದ್ದೆ. ಆ ವರ್ಷ ಬೇರೆ ಏನನ್ನೂ ಹೇಳದೆ, ಜಾಳಿಗೆಯ ಆಚೆಗಿದ್ದ ನಮ್ಮ ಧರ್ಮಕೇಂದ್ರದ ಗುರುಗಳಿಗೆ, ‘ಫಾದರ್, ನನಗೆ ದೇವರಲ್ಲಿ ನಂಬಿಕೆ ಇಲ್ಲ, ತುಂಬಾ ವರ್ಷದಿಂದ ಇಲ್ಲ’ ಎಂದೆ. ಆ ಬದಿಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಬಳಿಕ ಅವರು ಒಂದೇ ಪ್ರಶ್ನೆ ಕೇಳಿದರು: ‘ನಂಬಿಕೆ ಬರಲಿ ಅನ್ನೋ ಆಸೆ ಇದೆಯಾ?’ ಇದ್ದರೆ ಇದೆಯೆನ್ನುವುದು ಎಷ್ಟು ಸುಲಭವಾಗುತ್ತಿತ್ತು. ಇಲ್ಲವೆಂದೇ ಹೇಳಿದೆ. ಅವರು ಗದರಲಿಲ್ಲ. ಈ ಸ್ಥಿತಿಯಲ್ಲಿ ಪಾಪಕ್ಷಮೆಯ ವಿಧಿಯನ್ನು ನಡೆಸಲು ತಮಗೆ ಬರುವುದಿಲ್ಲವೆಂದೂ ಆಶೀರ್ವಾದವನ್ನು ಮಾತ್ರ ಕೊಡಬಲ್ಲೆನೆಂದೂ ಹೇಳಿ, ‘ಮಾತಾಡೋ ಮನಸ್ಸಾದರೆ ಆಫೀಸಿಗೆ ಬನ್ನಿ’ ಎಂದರು.

ಮುಂದಿನ ದಿನಗಳು ನನಗೆ ಹೊಸದೊಂದನ್ನು ಕಲಿಸಿದವು. ಯೇಸುವಿನ ಯಾತನೆಯನ್ನು ನೆನೆಯುವ ಶುಕ್ರವಾರದ ಶಿಲುಬೆಹಾದಿ ಪ್ರಾರ್ಥನೆಗೆ ಹೋದಾಗ ಗುರುಗಳು ಎಂದಿನಂತೆ ಯಾವ ಹಾಡು, ಯಾವ ಶ್ರುತಿ ಎಂದು ಕೇಳಿದರು. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಇಂದಲ್ಲ ನಾಳೆ ಅವರೇ ಮಾತೆತ್ತುತ್ತಾರೆಂದು ಕಾದೆ. ಎತ್ತಲಿಲ್ಲ. ಪಾಪನಿವೇದನೆಯ ಮುದ್ರೆಯನ್ನು, ಅಂದರೆ ಅಲ್ಲಿ ಕೇಳಿದ ಗುಟ್ಟನ್ನು, ಗುರುಗಳು ಒಡೆಯಕೂಡದೆಂಬುದು ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಆದರೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನು ಸಂಹಿತೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕೇಳಿ ತಿಳಿದದ್ದನ್ನು, ಗುಟ್ಟು ಹೊರಬೀಳುವ ಅಪಾಯ ಎಳ್ಳಷ್ಟೂ ಇಲ್ಲದಿದ್ದರೂ, ಆ ವ್ಯಕ್ತಿಗೆ ತೊಂದರೆಯಾಗುವಂತೆ ಬಳಸುವುದನ್ನು 984ನೆಯ ವಿಧಿ ಪೂರ್ತಿ ನಿಷೇಧಿಸುತ್ತದೆ. ಅಂದರೆ ನನ್ನನ್ನು ಧರ್ಮೋಪದೇಶದ ತರಗತಿಯಿಂದ ಬಿಡಿಸಲೂ, ಜ್ಞಾನತಾಯಿಯ ಹೆಸರಿಗೆ ಅಡ್ಡ ಹೇಳಲೂ ಅವರಿಗೆ ದಾರಿಯಿರಲಿಲ್ಲ. ಜಾಳಿಗೆಯ ಬಳಿ ಆಡಿದ ಮಾತನ್ನು ಬಯಲಿನಲ್ಲಿ ಮತ್ತೆ ಮೊದಲಿನಿಂದ ಆಡಬೇಕಾದವಳು ನಾನೇ. ಧರ್ಮಸಭೆಯ ಕಾನೂನುಗಳಲ್ಲಿ ನಾನು ಮನಸಾರೆ ಗೌರವಿಸುವ ಒಂದು ಕಾನೂನು ಇದು. ಇದರಿಂದಾಗಿ ನನ್ನ ಸತ್ಯದ ಒಡೆತನ ನನ್ನ ಕೈಯಲ್ಲಿಯೇ ಉಳಿಯಿತು.

ಪಾಸ್ಕ ಹಬ್ಬ ಕಳೆದ ಮೇಲೆ ಆಫೀಸಿಗೆ ಹೋದೆ. ಗುರುಗಳು ಏನೂ ತಿಳಿಯದವರಂತೆ ‘ಹೇಳಿ ಮೇಡಂ’ ಎಂದರು, ನಾನೂ ಮೊದಲ ಸಲ ಹೇಳುವವಳಂತೆ ಹೇಳಿದೆ. ಜ್ಞಾನತಾಯಿಯ ವಿಷಯ ಬಂದಾಗ ಅವರು ನಿಯಮಗಳನ್ನು ವಿವರಿಸಿದರು: ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ಜ್ಞಾನಸ್ನಾನವನ್ನು ಗಟ್ಟಿಗೊಳಿಸುವ ದೃಢೀಕರಣದ ಸಂಸ್ಕಾರವಾಗಿರಬೇಕು, ಮಗುವಿನ ತಂದೆ ಅಥವಾ ತಾಯಿ ಆಗಿರಬಾರದು, ಹೊರುವ ಹೊಣೆಗೆ ತಕ್ಕ ವಿಶ್ವಾಸದ ಬಾಳು ಬಾಳುತ್ತಿರಬೇಕು. ಮೊದಲಿನ ಮೂರನ್ನು ದಾಖಲೆ ನೋಡಿ ತಿಳಿಯಬಹುದು, ಕೊನೆಯದನ್ನು ತಿಳಿಯಲು ನಿಮ್ಮ ಮಾತೇ ದಾಖಲೆ ಎಂದರು. ಬಳಿಕ ಕಪಾಟಿನಿಂದ ಜ್ಞಾನಸ್ನಾನದ ಹಳೆಯ ರಿಜಿಸ್ಟರ್ ತೆಗೆದು ನನ್ನ ಹೆಸರಿನ ಸಾಲನ್ನು ತೋರಿಸಿದರು. ರಟ್ಟಿನ ಮೂಲೆಗಳು ಸವೆದು ಬಟ್ಟೆಯ ಎಳೆ ಹೊರಬಿದ್ದಿದ್ದವು. ನೀಲಿ ಶಾಯಿಯಲ್ಲಿ ನನ್ನ ಹುಟ್ಟಿದ ದಿನ, ಅಪ್ಪ, ಅಮ್ಮ, ಜ್ಞಾನತಂದೆಯಾಗಿದ್ದ ದೊಡ್ಡಪ್ಪ, ಜ್ಞಾನತಾಯಿಯಾಗಿದ್ದ ಪಕ್ಕದ ಮನೆಯ ನರ್ಸ್ ಆಂಟಿ. ಅಂಚಿನಲ್ಲಿ ಬೇರೆಯದೇ ಕೈಬರಹದಲ್ಲಿ ನನ್ನ ದೃಢೀಕರಣದ ದಿನಾಂಕ. ಒಮ್ಮೆ ಆದ ಜ್ಞಾನಸ್ನಾನ ಅಳಿಯುವಂಥದ್ದಲ್ಲವೆಂಬುದು ಧರ್ಮಸಭೆಯ ಬೋಧನೆ. ‘ನೀವು ಏನೇ ತೀರ್ಮಾನ ಮಾಡಿದ್ರೂ ಈ ಸಾಲು ಇಲ್ಲೇ ಇರುತ್ತೆ’ ಎಂದ ಅವರ ದನಿಯಲ್ಲಿ ಬೆದರಿಕೆಯಿರಲಿಲ್ಲ. ನನಗೂ ಅದರಿಂದ ನೆಮ್ಮದಿಯೇ ಆಯಿತು.

ಸಮಾಧಾನಕ್ಕೆಂದು ಅವರು ಮದರ್ ತೆರೇಸಾ ಅವರ ಮಾತು ತೆಗೆದರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಟ್ಟಲೆ ಅವರಿಗೆ ದೇವರ ಇರವಿನ ಅನುಭವವೇ ಆಗಿರಲಿಲ್ಲವೆಂಬುದು ಲೋಕಕ್ಕೆ ತಿಳಿಯಿತು. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, 2016ರಲ್ಲಿ ಸಂತರೆಂಬ ಘೋಷಣೆಯೂ ಆಯಿತು. ನಾನು ಒಪ್ಪಲಿಲ್ಲ. ಮದರ್ ತೆರೇಸಾ ಬಾಗಿಲು ತಟ್ಟುತ್ತಲೇ ಇದ್ದವರು, ಒಳಗಿನಿಂದ ದನಿ ಬರುತ್ತಿಲ್ಲವೆಂದು ನೊಂದವರು. ನನಗೆ ಆ ನೋವಿಲ್ಲ. ಅವರ ಕತ್ತಲೆಯನ್ನು ನನ್ನದೆಂದು ಹೇಳಿಕೊಂಡರೆ ಅವರಿಗೂ ಅನ್ಯಾಯ, ನನಗೂ ಅನ್ಯಾಯ. ಗುರುಗಳು ಇದನ್ನು ಕೇಳಿ ತಲೆಯಾಡಿಸಿದರು, ಮತ್ತೆ ಆ ಹೋಲಿಕೆಯನ್ನು ತರಲಿಲ್ಲ. ನನಗೆ ಆ ದಿನಗಳಲ್ಲಿ ಕಾಡುತ್ತಿದ್ದವನು ಬೇರೊಬ್ಬ. ಫ್ರಾನ್ಸಿನ ಎತ್ರೆಪಿನ್ಯಿ ಎಂಬ ಹಳ್ಳಿಯಲ್ಲಿ ಸುಮಾರು 40 ವರ್ಷ ಧರ್ಮಗುರುವಾಗಿದ್ದು 1729ರಲ್ಲಿ ತೀರಿಕೊಂಡ ಜ್ಯಾಂ ಮೆಲಿಯೆ, ತನಗೆ ದೇವರಲ್ಲಿ ನಂಬಿಕೆಯೇ ಇಲ್ಲವೆಂದು ಸಾರುವ ದೊಡ್ಡ ಹಸ್ತಪ್ರತಿಯೊಂದನ್ನು ಬಿಟ್ಟುಹೋಗಿದ್ದ. ಆ ಕಾಲದಲ್ಲಿ ಬಾಯಿಬಿಟ್ಟಿದ್ದರೆ ಪ್ರಾಣವೇ ಹೋಗಬಹುದಿತ್ತು, ಆದ್ದರಿಂದ ಆತನನ್ನು ನಾನು ದೂರುವುದಿಲ್ಲ. ಆದರೆ ಆತನ ಕೈಯಿಂದ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಪಡೆದ ಹಳ್ಳಿಯವರಿಗೆ ಆತನನ್ನು ಪ್ರಶ್ನಿಸುವ, ಜಗಳವಾಡುವ, ಕ್ಷಮಿಸುವ ಅವಕಾಶವೇ ಸಿಗಲಿಲ್ಲ. ನನಗೆ ಪ್ರಾಣಭಯವಿಲ್ಲ. ಹಾಗಿರುವಾಗ ನನ್ನವರಿಗೆ ಆ ಅವಕಾಶವನ್ನು ತಪ್ಪಿಸಲು ನನಗೆ ಯಾವ ಹಕ್ಕೂ ಇಲ್ಲವೆಂಬುದು ಅಲ್ಲಿಗೆ ನಿಚ್ಚಳವಾಯಿತು.

ತಮ್ಮನಿಗೆ ಹೇಳಿದ್ದು ಅವನ ಮನೆಯ ತಾರಸಿಯ ಮೇಲೆ. ‘ಅಲ್ಲಕ್ಕಾ, ಎಲ್ರೂ ಹಂಗೇ ಅಲ್ವಾ? ಯಾರು ಅಷ್ಟೆಲ್ಲಾ ಯೋಚ್ನೆ ಮಾಡಿ ಹೇಳ್ತಾರ? ನೀನೂ ಹೂಂ ಅಂದ್ಬಿಡು’ ಎಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಯೋಚಿಸದೆ ಹೂಂ ಎನ್ನುವವರು ಬಹಳ ಮಂದಿ ಇರಬಹುದು, ಅವರ ಹೂಂ ಸುಳ್ಳೆಂದು ನಾನು ಹೇಳಲಾರೆ. ಅವರು ತಮ್ಮ ಮನಸ್ಸನ್ನು ಹಾಗೆ ಕೇಳಿಕೊಂಡವರೇ ಅಲ್ಲ. ಕೇಳಿಕೊಂಡು ಉತ್ತರ ಪಡೆದ ಮೇಲೆ ನಾನು ಹೂಂ ಎಂದರೆ, ಮೋಸ ಹೋಗುವವನು ತೊಟ್ಟಿಲಲ್ಲಿರುವ ಅವನ ಮಗ ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಹೆಂಡತಿ ಅತ್ತಳು, ಮಗುವಿನ ಮೇಲೆ ಪ್ರೀತಿಯಿಲ್ಲವೇ ಎಂದು ಕೇಳಿದಳು. ಅವಳಿಗೆ ಸಮಾಧಾನ ಹೇಳಲು ಆ ದಿನ ನನ್ನಿಂದಾಗಲಿಲ್ಲ. ಜ್ಞಾನತಂದೆ, ಜ್ಞಾನತಾಯಿ ಇಬ್ಬರೂ ಇರಲೇಬೇಕೆಂಬ ನಿಯಮವಿಲ್ಲ, ಒಬ್ಬರಿದ್ದರೂ ಸಾಕು. ಆದರೂ ಕೊನೆಗೆ ಶಿವಮೊಗ್ಗದಿಂದ ಅವಳ ಚಿಕ್ಕಮ್ಮನ ಮಗಳು ಬಂದು ಜ್ಞಾನತಾಯಿಯಾದಳು. ನಾನು ಕೀಬೋರ್ಡ್ ನುಡಿಸಿದೆ.

ಅಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಠಿಣವಾಗಿತ್ತು. ಕೇಳಿದ ಕೂಡಲೆ ಅವಳು, ‘ಇದನ್ನ ನನಗ್ಯಾಕ ಹೇಳ್ದಿ? ನಿನ್ನ ಪಾಡಿಗೆ ನೀನು ಇಟ್ಕಂಡಿದ್ರ ಆಗ್ತಿರಲಿಲ್ವಾ?’ ಎಂದು ಕೇಳಿ ಒಳಗೆ ಹೋದಳು. ಹಲವು ವಾರ ಸಂಜೆಯ ಜಪಸರಕ್ಕೆ, ಮಣಿ ಎಣಿಸುತ್ತ ಮಾಡುವ ಪ್ರಾರ್ಥನೆಗೆ, ನನ್ನನ್ನು ಕರೆಯಲಿಲ್ಲ. ಒಬ್ಬಳೇ ಗೋಡೆಗೆ ಒರಗಿ ಕುಳಿತು, ಮಣಿಮಣಿಗೂ ಹೇಳುವ ‘ನಮೋ ಮರಿಯ’ ಪ್ರಾರ್ಥನೆಯ ಎರಡು ಅರ್ಧಗಳನ್ನೂ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಪ್ರಾರ್ಥನೆ ಇಬ್ಬರಿದ್ದಾಗ ಹಂಚಿಕೊಂಡು ಹೇಳುವಂಥದ್ದು: ಒಬ್ಬರು ಮೊದಲರ್ಧ ಹೇಳುತ್ತಾರೆ, ‘ಸಂತ ಮರಿಯಾ’ ಎಂದು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. 53 ಮಣಿಗಳಿಗೂ ಎರಡೂ ಭಾಗವನ್ನು ಒಬ್ಬಳೇ ಹೇಳುತ್ತ ಹೋದಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಒಂದು ಸಂಜೆ ನಾನು ಹೋಗಿ ಪಕ್ಕದಲ್ಲಿ ಕುಳಿತು ಎರಡನೆಯ ಅರ್ಧವನ್ನು ಎತ್ತಿಕೊಂಡೆ. ಅವಳು ನನ್ನ ಕಡೆ ನೋಡಿದಳು, ಬೇಡವೆನ್ನಲಿಲ್ಲ. ಅಂದಿನಿಂದ ಅದು ತಪ್ಪಿಲ್ಲ.

ಇದನ್ನು ಬೂಟಾಟಿಕೆ ಎನ್ನುವವರಿದ್ದಾರೆ, ನನ್ನ ಸಹೋದ್ಯೋಗಿಯೊಬ್ಬರು ಹಾಗೆಂದೂ ಇದ್ದಾರೆ. ನನ್ನ ಉತ್ತರ ಇಷ್ಟೆ. ಬಾಯಿ ಹೇಳುವುದಕ್ಕೂ ಮನಸ್ಸು ನಂಬುವುದಕ್ಕೂ ಅಂತರವಿದ್ದ ಮಾತ್ರಕ್ಕೆ ಮೋಸವಾಗುವುದಿಲ್ಲ. ಆ ಅಂತರವನ್ನು ಮುಚ್ಚಿಟ್ಟು, ಅದನ್ನು ತಿಳಿಯುವ ಹಕ್ಕಿದ್ದವರನ್ನು ಕತ್ತಲೆಯಲ್ಲಿಟ್ಟಾಗ ಮೋಸವಾಗುತ್ತದೆ. ಅಮ್ಮನಿಗೆ ಈಗ ಎಲ್ಲವೂ ತಿಳಿದಿದೆ. ನಾನು ಯಾರಿಗಾಗಿ ಕುಳಿತಿದ್ದೇನೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಈ ಅಳತೆಗೋಲನ್ನು ಹಿಡಿದು ಒಂದೊಂದೇ ಆಚರಣೆಯನ್ನು ನೋಡುತ್ತ ಬಂದೆ. ಧರ್ಮೋಪದೇಶದ ತರಗತಿಯನ್ನು ಬಿಟ್ಟೆ, ಏಕೆಂದರೆ ಏಳೆಂಟು ವರ್ಷದ ಮಕ್ಕಳು ಟೀಚರ್ ಹೇಳುವುದನ್ನು ಟೀಚರ್ ನಂಬುತ್ತಾಳೆಂದೇ ತಿಳಿಯುತ್ತಾರೆ. ವಿಶ್ವಾಸ ಸಂಗ್ರಹದ ಹೊತ್ತಿನಲ್ಲಿ ಎದ್ದು ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ, ಹಾಳೆಯನ್ನೂ ಹುಡುಕುವುದಿಲ್ಲ. ಪರಮಪ್ರಸಾದಕ್ಕೆ ಹೋಗುವುದನ್ನು ನಿಲ್ಲಿಸಿದೆ. ಸಣ್ಣ ಧರ್ಮಕೇಂದ್ರದಲ್ಲಿ ಇದು ಎಲ್ಲರ ಕಣ್ಣಿಗೆ ಬೀಳುವ ಸಂಗತಿ. ಸಾಲು ಮುಂದೆ ಸಾಗಿದಾಗ ಬೆಂಚಿನಲ್ಲಿ ಉಳಿದವಳ ಬಗ್ಗೆ ಹತ್ತು ಊಹೆಗಳು ಹುಟ್ಟುತ್ತವೆ. ನಾನು ಆ ಹೊತ್ತಿನಲ್ಲಿ ನುಡಿಸುತ್ತಿರುತ್ತೇನಾದರೂ ಗಮನಿಸಿದವರು ಗಮನಿಸಿದರು, ಕೇಳಿದವರಿಗೆ ಇದ್ದದ್ದನ್ನು ಹೇಳಿದೆ. ಒಬ್ಬ ಹಿರಿಯರು ನನಗಾಗಿ ನವೇನ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಮಾಡುವುದಾಗಿ ಹೇಳಿದರು, ಕೃತಜ್ಞತೆ ಹೇಳಿದೆ. ಒಬ್ಬಿಬ್ಬರು ಮಾತು ಬಿಟ್ಟಿದ್ದಾರೆ. ಅದು ನೋವಿನ ವಿಷಯವೇ.

ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಅಮ್ಮನನ್ನು ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಕರೆದುಕೊಂಡು ಹೋಗುವುದನ್ನು ಮಾತ್ರ ಎಂದೂ ಅಳೆಯಬೇಕಾಗಿ ಬರಲಿಲ್ಲ. ಅಲ್ಲಿಗೆ ಬರುವವರಲ್ಲಿ ನಮ್ಮವರಲ್ಲದವರೂ ಬಹಳ. ಹರಕೆ ಹೊತ್ತ ಹಿಂದೂ ಹೆಣ್ಣುಮಕ್ಕಳು ಮೇಣದ ಬತ್ತಿಯ ಕಟ್ಟು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ನೀನು ಏನನ್ನು ನಂಬುತ್ತೀಯೆಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅಮ್ಮನ ಕೈಹಿಡಿದು ಆ ಜನಸಂದಣಿಯಲ್ಲಿ ಸಾಗುವಾಗ ನನಗೆ ಯಾವ ಸಂಕೋಚವೂ ಇರುವುದಿಲ್ಲ.

ಈಚೆಗೆ ನಮ್ಮ ಗುರುಗಳಿಗೆ ವರ್ಗಾವಣೆಯಾಯಿತು. ಹೊಸಬರು ಬಂದ ಕೆಲವೇ ದಿನಗಳಲ್ಲಿ ಆಫೀಸಿಗೆ ಹೋಗಿ ನಾನೇ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಕಾಲಾವಕಾಶ ಕೇಳಿ, ಬಳಿಕ ಕೀಬೋರ್ಡ್ ಮುಂದುವರಿಸಲು ಒಪ್ಪಿದರು. ಗಾಯನ ವೃಂದದ ಮುಖ್ಯಸ್ಥೆಯ ಜಾಗಕ್ಕೆ ಮಾತ್ರ ಬೇರೆಯವರನ್ನು ನೇಮಿಸುವುದಾಗಿ ಹೇಳಿದರು. ಅವರ ಸ್ಥಾನದಲ್ಲಿ ನಿಂತು ನೋಡಿದರೆ ಅದು ನ್ಯಾಯವೆಂದೇ ನನಗೆ ತೋರಿತು, ಹಾಡಿನ ಕಡತಗಳನ್ನು ಅದೇ ವಾರ ಒಪ್ಪಿಸಿಬಿಟ್ಟೆ. ತಮ್ಮನ ಮಗ ಈಗ ಓಡಾಡುತ್ತಾನೆ, ಅತ್ತೆ ಅತ್ತೆ ಎಂದು ಕೀಬೋರ್ಡಿನ ಮೇಲೆ ಕೈಯಾಡಿಸಲು ಬರುತ್ತಾನೆ. ಮುಂದೆ ಅವನು ಕೇಳಿದರೆ ಏನು ಹೇಳುತ್ತೀಯೆಂದು ತಮ್ಮ ಒಮ್ಮೆ ಕೇಳಿದ. ವಿಶ್ವಾಸವನ್ನು ಕಲಿಸುವವರು ಅವನ ಅಪ್ಪ ಅಮ್ಮ ಮತ್ತು ಜ್ಞಾನತಾಯಿ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಅವನಾಗಿ ನನ್ನ ಬಗ್ಗೆ ಕೇಳಿದ ದಿನ ಸುಳ್ಳು ಹೇಳುವುದಿಲ್ಲ ಎಂದೆ. ಅದಕ್ಕೆ ತಮ್ಮನ ಹೆಂಡತಿಯೂ ಒಪ್ಪಿದ್ದಾಳೆ.